ಹತ್ತಿರದ್ದು ಕಾಣದ ಕ್ಯಾಮೆರಾ

ಬೈಲಹೊಂಗಲ
೧೧ ಆಗಸ್ಟ್ ೨೦೨೪

ಕಾಂತೇಶ ಅವರಿಗೆ,

ಮನೆಯಲ್ಲಿ ನಿಮ್ಮ ಹೆಸರನ್ನು ಬಾಯಿಬಿಟ್ಟು ಹೇಳಿದರೆ ಅತ್ತೆಯ ಹುಬ್ಬು ಗಂಟಾಗುತ್ತದೆ. ಕಾಗದದ ಮೇಲೆ ಬರೆದರೆ ಯಾರೂ ಏನೂ ಅನ್ನುವಂತಿಲ್ಲ. ಅದಕ್ಕೇ ಮೇಲೆ ಅಷ್ಟು ದೊಡ್ಡದಾಗಿ ಬರೆದಿದ್ದೇನೆ.

ನಿಮ್ಮ ಫೋನು ಕೆಸರಿಗೆ ಬಿದ್ದು ಸತ್ತಿತು. ರಸ್ತೆ ಕೆಲಸದ ಆ ಗುಡ್ಡದ ಶಿಬಿರದಲ್ಲಿ ಸಿಗ್ನಲ್ಲೂ ಇಲ್ಲ. ಪೇಟೆಗೆ ಇಳಿದಾಗ ಯಾರದೋ ಫೋನಿನಿಂದ ಮಾತಾಡುತ್ತೀರಿ, ಅಷ್ಟರಲ್ಲಿ ಮಗು ಅಳುತ್ತದೆ, ಅತ್ತೆ ಫೋನು ಕಸಿದುಕೊಂಡು "ಉಂಡ್ಯೇನಪಾ?" ಅನ್ನುತ್ತಾರೆ, ಕಟ್ಟಾಗುತ್ತದೆ. ಹಿಂದಿನ ಸಲ "ಮಗಳ ಫೋಟೋ" ಎಂದಷ್ಟೇ ಕೇಳಿಸಿತು. ಹೊಟ್ಟೆಯಲ್ಲಿದ್ದಾಗ ಬಿಟ್ಟುಹೋದ ಮಗಳನ್ನು ನೀವು ಇನ್ನೂ ನೋಡಿಲ್ಲ. ಆದ್ದರಿಂದ ಮೂರು ಫೋಟೋ ಕಳಿಸಿದ್ದೇನೆ. ಒಂದು ಗೌತಮಿಯ ಹಿಮ್ಮಡಿ, ಒಂದು ಎಡಗಿವಿ, ಒಂದು ಮುಷ್ಟಿ. ಸ್ಟುಡಿಯೋದ ಶಂಕ್ರೆಪ್ಪನವರು ಪ್ರಿಂಟ್ ಹಾಕಿ ಕೊಡುವಾಗ, "ಏನ್ರಿ ಅಕ್ಕಾರ, ಕೂಸಿನ ಸ್ಪೇರ್ ಪಾರ್ಟ್ ಅಷ್ಟ ತಗದೀರಿ?" ಎಂದು ನಕ್ಕರು.

ಮುಖ ಎಲ್ಲಿ ಎಂದು ನೀವೂ ಕೇಳುತ್ತೀರಿ. ಜಾವಳ ಆಗುವವರೆಗೆ ಮುಖದ ಫೋಟೋ ಬೇಡ ಎಂದು ಅತ್ತೆ ಹಟ ಹಿಡಿದಿದ್ದಾರೆ. ಹುಟ್ಟುಗೂದಲು ತೆಗೆಯುವ ಮೊದಲು ಮುಖದ ಮುಂದೆ ಕ್ಯಾಮೆರಾ ಹಿಡಿದರೆ ದೃಷ್ಟಿ ತಾಗುತ್ತದಂತೆ. ವಿಡಿಯೋ ಕಾಲ್ ಕೂಡ ಅದೇ ಲೆಕ್ಕಕ್ಕೆ. ದೊಡವಾಡದಲ್ಲಿರುವ ನಿಮ್ಮ ಭಾಗ್ಯಕ್ಕನ ಮೊದಲ ಕೂಸಿನ ಸಂಗತಿ ನಿಮಗೆ ಗೊತ್ತೇ ಇದೆ. ಸ್ಟುಡಿಯೋದಲ್ಲಿ ಕೂರಿಸಿ ಫೋಟೋ ತೆಗೆಸಿದ ವಾರದಲ್ಲೇ ಜ್ವರ ಬಂತು, ಉಳಿಯಲಿಲ್ಲ. ಬಿ.ಎ. ಓದಿದ ನಾನು ಅತ್ತೆಯೊಡನೆ ವಾದ ಮಾಡಬಹುದಿತ್ತು. ಮಾಡಲಿಲ್ಲ. ಹಗಲಿನಲ್ಲಿ ನನಗೆ ಇಂಥದರಲ್ಲಿ ನಂಬಿಕೆಯಿಲ್ಲ; ಕತ್ತಲಾದ ಮೇಲೆ ಅಷ್ಟು ಧೈರ್ಯವಿಲ್ಲ.

ದಸರೆಗೆ ರಜೆ ಸಿಗುತ್ತದೆ ಅಂದಿದ್ದೀರಿ. ನೀವು ಬಂದ ಮೇಲೇ ಜಾವಳ. ಆಮೇಲೆ ಎಷ್ಟು ಬೇಕಾದರೂ ತೆಗೆಯೋಣ.

ನಾನು ಆರಾಮಿದ್ದೇನೆ. ನಿದ್ದೆ ಚೆನ್ನಾಗಿ ಬರುತ್ತಿದೆ.

ನಿಮ್ಮ
ಪ್ರಜ್ಞಾ


ಕೇಲಾಂಗ್ ಆಚೆಯ ಶಿಬಿರ
೨ ಸೆಪ್ಟೆಂಬರ್ ೨೦೨೪

ಪ್ರಜ್ಞಾ,

ಡೀಸೆಲ್ ಗಾಡಿಯ ಜೊತೆ ನಿನ್ನ ಕವರು ಬಂತು. ಕೈ ತೊಳೆದುಕೊಂಡೇ ಒಡೆದೆ. ಆದರೂ ಹಿಮ್ಮಡಿಯ ಮೇಲೆ ಗ್ರೀಸಿನ ಬೆರಳು ಮೂಡಿತು. ಒರೆಸಿದರೆ ಇನ್ನೂ ಹರಡಿತು.

ನನ್ನ ಜೊತೆ ಡೋಜರ್ ಓಡಿಸುವ ಗೌರೀಶ ನಮ್ಮ ಕಡೆಯವನೇ, ರಾಮದುರ್ಗದವನು. ಮೂರೂ ಫೋಟೋಗಳನ್ನು ಹಲಗೆಯ ಮೇಲೆ ಹರವಿಕೊಂಡು, "ತಡಿ ಕಾಂತಣ್ಣಾ, ಜೋಡಸೋಣು. ಮೂಗು ಇನ್ನೂ ಬಂದಿಲ್ಲ, ಆರ್ಡರ್ ಹಾಕು" ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ದಾರಿಯ ಮೇಲೆ ಬಿದ್ದ ಬಂಡೆ ತಳ್ಳುತ್ತಾ ಮಷಿನ್ ಮೇಲೆ ಒಬ್ಬನೇ ಕೂತಾಗ ಆ ಕಿವಿ, ಆ ಮುಷ್ಟಿ ಕೂಡಿಸಿ ನೋಡುತ್ತೇನೆ. ನಡುವೆ ಮುಖ ಇಡಬೇಕಲ್ಲ. ಯಾವಾಗಲೂ ನಿನ್ನದೇ ಬಂದು ಕೂಡುತ್ತದೆ.

ಒಂದು ಮಾತು, ಸಿಟ್ಟಾಗಬೇಡ. ಮೂರೂ ಫೋಟೋದ ಮೂಲೆಯಲ್ಲಿ ನಿನ್ನ ಹೆಬ್ಬೆರಳಿನ ನೆರಳಿದೆ. ಮೂರೂ ಒಂದೇ ಕಡೆ ವಾಲಿವೆ. ನೀನು ಹಿಂಗ ತೆಗೆಯುವವಳಲ್ಲ. ಫೋನಿನದೇ ತಪ್ಪಿರಬೇಕು. ನಿನಗೊಂದು ಒಳ್ಳೆಯ ಕ್ಯಾಮೆರಾ ಬೇಕು. ಮನಾಲಿಯಲ್ಲಿ ಪ್ರವಾಸಿಗರ ಹಳೆಯ ಕ್ಯಾಮೆರಾ ಮಾರುವ ಅಂಗಡಿಯೊಂದಿದೆ. ಎಂಥದ್ದು ಬೇಕೆಂದು ಬರಿ. ಎಂಜಿನ್ ಬಗ್ಗೆ ಕೇಳಿದರೆ ಕಣ್ಣು ಮುಚ್ಚಿ ಹೇಳುತ್ತೇನೆ. ಕ್ಯಾಮೆರಾ ನನಗೆ ತಿಳಿಯುವುದಿಲ್ಲ.

ದಸರೆಗೆ ಬರುವುದು ನಕ್ಕಿ. ಅವ್ವನಿಗೆ ಹೇಳು.

ಕಾಂತೇಶ


ಬೈಲಹೊಂಗಲ
೧೬ ಸೆಪ್ಟೆಂಬರ್ ೨೦೨೪

ಕಾಂತೇಶ ಅವರಿಗೆ,

ಎಂಥ ಕ್ಯಾಮೆರಾ ಬೇಕು ಎಂದು ಕೇಳಿದ್ದೀರಿ. ಇಂಥ ಪ್ರಶ್ನೆಯನ್ನು ನನಗೆ ಯಾರಾದರೂ ಕೇಳಿ ಎಷ್ಟು ಕಾಲವಾಯಿತು! ಈಗ ಬಂದವರೆಲ್ಲ ಕೇಳುವುದು, ಹಾಲು ಸಾಲುತ್ತದೋ ಇಲ್ಲವೋ ಎಂದು. ನಿಮ್ಮ ಕಾಗದ ಬಂದಾಗಿನಿಂದ ಅದನ್ನೇ ಯೋಚಿಸುತ್ತ ಪಾತ್ರೆ ತೊಳೆದೆ, ಬಟ್ಟೆ ಒಗೆದೆ. ಒಂದು ಸಲ ಸಾರಿಗೆ ಉಪ್ಪು ಹಾಕುವುದನ್ನೂ ಮರೆತೆ.

ಶಂಕ್ರೆಪ್ಪನವರನ್ನು ವಿಚಾರಿಸಿದರೆ, "ದೊಡ್ಡದ ತಗೋರಿ, ನಾಳೆ ಮದಿವಿ ಆರ್ಡರೂ ಹಿಡೀಬಹುದು" ಎಂದರು. ಕ್ಯಾಮೆರಾದ ಬಗ್ಗೆ ಎಲ್ಲರೂ ಹೇಳುತ್ತಾರೆ, ತೆಗೆಯುವವಳ ಬಗ್ಗೆ ಯಾರೂ ಕೇಳುವುದಿಲ್ಲ. ನಾನು ಈಗ ಹೇಗೆ ತೆಗೆಯುತ್ತೇನೆ ಎಂದು ಹೇಳಿಬಿಡುತ್ತೇನೆ. ಅದನ್ನು ಓದಿ ನೀವೇ ಆರಿಸಿ.

ಬಲತೋಳಿನ ಮೇಲೆ ಗೌತಮಿ ಇರುತ್ತಾಳೆ. ಕೆಳಗಿಟ್ಟರೆ ಅಳುತ್ತಾಳೆ. ಅಲ್ಲ, ನಿಜ ಹೇಳಬೇಕೆಂದರೆ ಅಳದಿದ್ದರೂ ನಾನು ಇಡುವುದಿಲ್ಲ. ಹಾಗಾಗಿ ನನಗೆ ಉಳಿದದ್ದು ಎಡಗೈ. ಫೋಟೋ ವಾಲುವುದು ಅದಕ್ಕೇ, ಹೆಬ್ಬೆರಳು ಬರುವುದೂ ಅದಕ್ಕೇ, ಫೋನಿನ ತಪ್ಪಲ್ಲ. ಒಂದೇ ಕೈಯಲ್ಲಿ ಹಿಡಿಯಬಹುದಾದ ಹಗುರವಾದದ್ದು ಬೇಕು. ಅದು ಸದ್ದು ಮಾಡಬಾರದು. ಬಾಗಿಲ ಚಿಲಕ ಸರಿಸಿದರೂ ಎದ್ದುಬಿಡುತ್ತಾಳೆ ನಿಮ್ಮ ಮಗಳು. ನಮ್ಮ ನಡುಮನೆ ನಿಮಗೆ ಗೊತ್ತು, ಇರುವುದೊಂದೇ ಬೆಳಕಿಂಡಿ. ಫ್ಲ್ಯಾಶ್ ಹಾಕುವಂತಿಲ್ಲ. ಇದ್ದಷ್ಟು ಬೆಳಕಿನಲ್ಲೇ ನೋಡಬಲ್ಲ ಲೆನ್ಸ್ ಬೇಕು. ಝೂಮ್ ಬೇಡವೇ ಬೇಡ. ನಾನು ತೆಗೆಯುವುದೆಲ್ಲ ಒಂದು ಗೇಣಿನ ಒಳಗೆ: ಉಗುರು, ಬೆನ್ನಿನ ಮೇಲಿನ ನವಿರು, ಕುತ್ತಿಗೆಯ ಮಡಿಕೆಯಲ್ಲಿ ಒಣಗಿದ ಹಾಲಿನ ಕಲೆ.

ಇನ್ನೊಂದು ಬಗೆಯ ಫೋಟೋಗಳೂ ಇವೆ. ಅವು ಕಳಿಸುವಂಥವಲ್ಲ. ಅವಳು ಮಲಗಿದಾಗ ಎದೆಯ ಮೇಲಿನ ಬಟ್ಟೆಯ ಫೋಟೋ ಒಂದು ತೆಗೆಯುತ್ತೇನೆ, ತುಸು ಬಿಟ್ಟು ಇನ್ನೊಂದು. ಎರಡನ್ನೂ ಹೋಲಿಸಿ ನೋಡುತ್ತೇನೆ. ಬಟ್ಟೆಯ ನಿರಿಗೆ ಒಂಚೂರು ಬದಲಾಗಿದ್ದರೆ ಉಸಿರಾಡುತ್ತಿದ್ದಾಳೆ ಎಂದರ್ಥ. ನಗಬೇಡಿ. ಫೋನಿನ ತುಂಬ ಅವೇ ತುಂಬಿವೆ.

ಜಾವಳಕ್ಕೆಂದು ಅತ್ತೆ ಮುನವಳ್ಳಿಗೆ, ನನ್ನ ತವರಿಗೆ, ಹೇಳಿಕಳಿಸಿದ್ದಾರೆ. ಕೂಸನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಕಾದವನು ಸೋದರಮಾವನಲ್ಲವೇ. ನಮ್ಮ ಅರ್ಜುನಣ್ಣ ಹೊಸ ಅಂಗಿ ಹೊಲಿಸಿಕೊಂಡಿದ್ದಾನಂತೆ. ನೀವು ಬಂದು ನಿಂತರೆ ಸಾಕು.

ನಿಮ್ಮ
ಪ್ರಜ್ಞಾ


ಮನಾಲಿ
೨೮ ಸೆಪ್ಟೆಂಬರ್ ೨೦೨೪

ಪ್ರಜ್ಞಾ,

ನಿನ್ನ ಉತ್ತರ ಇನ್ನೂ ಕೈ ಸೇರಿಲ್ಲ. ಮೇಲೆ ಗುಡ್ಡ ಕುಸಿದು ಟಪಾಲು ಎಲ್ಲೋ ನಿಂತಿದೆ. ಮಷಿನ್ ಸಾಮಾನಿಗೆಂದು ಇಲ್ಲಿಗೆ ಇಳಿದಿದ್ದೇನೆ. ಇನ್ನೊಮ್ಮೆ ಇಳಿಯುವುದು ಯಾವಾಗಲೋ ಏನೋ ಎಂದು ಕ್ಯಾಮೆರಾವನ್ನು ನಾನೇ ಆರಿಸಿಬಿಟ್ಟೆ.

ಅಂಗಡಿಯವನು ಮೊದಲು ಸಣ್ಣ ಸಣ್ಣವು ತೋರಿಸಿದ. ಸೋಪಿನ ಡಬ್ಬಿಯ ಹಂಗ ಇದ್ದವು. ಇವು ನಮ್ಮಾಕಿ ಹಿಡಿಯುವಂಥವಲ್ಲ ಅಂದೆ. ನನಗೆ ನವಿಲುತೀರ್ಥದ ದಿನ ನೆನಪಿತ್ತು. ಕಾಲುವೆಯ ಹೂಳು ತೆಗೆಯಲು ನಾನು ಜೆ.ಸಿ.ಬಿ. ತಂದಿದ್ದೆ. ಆಚೆ ದಂಡೆಯ ಮೇಲೆ ನೀನು ಕಾಲೇಜಿನ ಕ್ಯಾಮೆರಾ ಹಿಡಿದು ನಿಂತಿದ್ದೆ, ತೋಳುದ್ದದ ಲೆನ್ಸು. "ಏ, ಬಂದ್ ಮಾಡ್ರಿ ಅದನ್ನ! ಹಕ್ಕಿ ಹಾರಿ ಹೋಕ್ಕಾವು!" ಎಂದು ಕೂಗಿದ್ದೆ. ನಾನು ಬಂದ್ ಮಾಡಿದೆ. ಗುತ್ತಿಗೆದಾರ ಬೈದ. ಮತ್ತೆ ಚಾಲೂ ಮಾಡಲಿಲ್ಲ, ನೀನು ಹೋಗುವವರೆಗೆ. ಫೋಟೋ ತೆಗೆಯುವವಳು ಎಂದರೆ ನನಗೆ ಆ ನಿಲುವೇ ಕಣ್ಣ ಮುಂದೆ ಬರುತ್ತದೆ.

ಅಂಥದೇ ಸಿಕ್ಕಿತು. ಹಕ್ಕಿ ತೆಗೆಯುತ್ತಿದ್ದ ಒಬ್ಬ ಪರದೇಶದವನು ಕೊಟ್ಟು ಹೋದದ್ದಂತೆ. ತೂಕ ಹಿಡಿದು ನೋಡಿದೆ. ಗಟ್ಟಿ ಇದೆ, ಕೀಲು ಎಲ್ಲೂ ಸಡಿಲಾಗಿಲ್ಲ.

ಗೌರೀಶನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನು ಊರಿಗೆ ಹೊರಟಿದ್ದಾನೆ. ನನಗಿಂತ ಮೊದಲು ಅದು ನಿನ್ನನ್ನು ಮುಟ್ಟುತ್ತದೆ. ಉಳಿದದ್ದು ಆಮೇಲೆ ಬರೆಯುತ್ತೇನೆ.

ಕಾಂತೇಶ


ಬೈಲಹೊಂಗಲ
೧೪ ಅಕ್ಟೋಬರ್ ೨೦೨೪

ಕಾಂತೇಶ ಅವರಿಗೆ,

ಹಬ್ಬದ ದಿನ ಗೌರೀಶ ಅವರು ಬಂದಿದ್ದರು. ಬೆನ್ನಿಗೆ ದೊಡ್ಡ ಚೀಲ, ತಲೆಗೆ ಉಣ್ಣೆಯ ಟೊಪ್ಪಿಗೆ. ಎದುರುಮನೆಯ ಶಟ್ಟೆವ್ವ ತಮ್ಮ ಕಟ್ಟೆಯ ಮೇಲಿನಿಂದಲೇ "ತಾಯವ್ವಾ, ಬಂದ ನೋಡ ನಿನ್ನ ಮಗಾ!" ಎಂದು ಅತ್ತೆಯನ್ನು ಕೂಗಿದರು. ನಾನು ಮಗುವನ್ನು ಎತ್ತಿಕೊಂಡು ಓಡಿದೆ. ಹಾಲು ಒಲೆಯ ಮೇಲೆ ಉಕ್ಕಿತು. ಬಾಗಿಲಲ್ಲಿ ನಿಂತವರು ನೀವಲ್ಲ.

ಅತ್ತೆ ಚಹಾ ಕೊಟ್ಟು ಕೇಳಿದರು, "ನಮ್ಮಾಂವ ಎಂದ ಬರತಾನಪಾ? ಹಿಂದಿನ ಗಾಡಿಗೇನು?"

ಗೌರೀಶ ಕಪ್ಪು ಕೆಳಗಿಟ್ಟರು. "ನಿಮಗ ಹೇಳಿಲ್ಲೇನ್ರಿ ಅವ್ವಾರ? ಇಬ್ಬರೊಳಗ ಒಬ್ಬಗ ಅಷ್ಟ ರಜಾ ಅಂದ್ರು ಸಾಹೇಬ್ರು. ಕಾಂತಣ್ಣ ತನ್ನ ಪಾಳಿ ನನಗ ಕೊಟ್ಟಾನ್ರಿ. ನಮ್ಮವ್ವ ಹಾಸಿಗಿ ಹಿಡದಿದ್ಲರಿ."

"ಈಗ ಹೆಂಗದಾಳ?"

"ಎದ್ದು ಕುಂತಾಳ್ರಿ. ನನ್ನ ಮಾರಿ ನೋಡಿದ ಮರುದಿನ ರೊಟ್ಟಿ ಬಡದ್ಲು."

"ಚಲೋ ಆತು ಬಿಡಪಾ," ಎಂದು ಅತ್ತೆ ಒಳಗೆ ಹೋದರು. ಬಹಳ ಹೊತ್ತು ಹೊರಗೆ ಬರಲಿಲ್ಲ.

ನಾನು ಸಿಟ್ಟಾಗುವುದಕ್ಕೂ ನೀವು ದಾರಿ ಬಿಟ್ಟಿಲ್ಲ. ಮಗನ ಮುಖ ನೋಡಿ ಆ ತಾಯಿ ಎದ್ದು ಕೂತದ್ದಕ್ಕೆ ಯಾರು ಸಿಟ್ಟಾಗುತ್ತಾರೆ? ಆದರೆ ಬರೆಯಬಹುದಿತ್ತು. "ಉಳಿದದ್ದು ಆಮೇಲೆ" ಎಂದಿರಲ್ಲ, ಆ ಉಳಿದದ್ದು ಇದೇ ತಾನೇ?

ಕ್ಯಾಮೆರಾ ತೆರೆದೆ. ಎತ್ತಲು ಎರಡು ಕೈ ಬೇಕು. ಮಗುವನ್ನು ಹಾಸಿಗೆಯ ಮೇಲೆ ಒಂದು ಚಣ ಮಲಗಿಸಿ ಅವಳ ಕಡೆ ಹಿಡಿದೆ. ಲೆನ್ಸು ಗರಗರ ಆ ಕಡೆ ಈ ಕಡೆ ತಿರುಗಿ ಸುಮ್ಮನಾಯಿತು. ಒಳಗೆ ಬರೀ ಮಂಜು. ಗೋಡೆಗೆ ಬೆನ್ನು ಹಚ್ಚಿ ನಿಂತೆ, ಆಗಲೂ ಮಂಜು. ಹತ್ತಿರ ಇದ್ದವರು ಇದಕ್ಕೆ ಕಾಣುವುದೇ ಇಲ್ಲ. ದೂರ ಇದ್ದರೆ ಮಾತ್ರ ಕಾಣುತ್ತಾರೆ. ನಿಮಗೆ ಒಪ್ಪುವಂಥದನ್ನೇ ಆರಿಸಿದ್ದೀರಿ.

ಅರ್ಜುನಣ್ಣನಿಗೆ ಬರಬೇಡ ಎಂದು ಹೇಳಿದೆವು. ಜಾವಳ ಮುಂದೆ ಹೋಯಿತು.

ಪ್ರಜ್ಞಾ


ಕೇಲಾಂಗ್ ಆಚೆಯ ಶಿಬಿರ
೩ ನವೆಂಬರ್ ೨೦೨೪

ಪ್ರಜ್ಞಾ,

ನಿನ್ನ ಎರಡೂ ಕಾಗದ ಒಂದೇ ದಿನ ಬಂದವು. ಮೊದಲು ಸೆಪ್ಟೆಂಬರಿನದು ಓದಿದೆ. ಎಡಗೈ, ಒಂದು ಗೇಣು, ಸದ್ದಾಗಬಾರದು. ಅಂಗಡಿಯವನು ಮೊದಲು ತೋರಿಸಿದ ಸೋಪಿನ ಡಬ್ಬಿಯೇ ಅದು. ನಾನು ಬೇಡ ಎಂದು ತಳ್ಳಿದ್ದೆ. ಆಮೇಲೆ ಎರಡನೆಯದು ಓದಿದೆ. ಓದಿ ಮಷಿನ್ ತೆಗೆದುಕೊಂಡು ಹೋದೆ, ಸುಮ್ಮನೆ ಹಿಮ ತಳ್ಳುತ್ತಿದ್ದೆ. ಆ ಕಡೆ ರಸ್ತೆಯೇ ಇಲ್ಲ ಎಂದು ಬೇರೆಯವರು ಬಂದು ಹೇಳಿದರು.

ರಜೆ ಕೊಟ್ಟದ್ದು ಗೌರೀಶನ ತಾಯಿಗೆಂದು. ಇಷ್ಟೇ ಬರೆದರೂ ನೀನು ನಂಬುತ್ತೀ. ಆದರೆ ಅದು ಪೂರ್ತಿಯಲ್ಲ. ಕೊಟ್ಟ ಮೇಲೆ ನನ್ನ ಎದೆ ಹಗುರಾಯಿತು. ನಾನು ಬಂದು ಎತ್ತಿಕೊಂಡರೆ ಅವಳು ಅಳುತ್ತಾಳೆ. ಯಾರೋ ಬಂದರು ಎಂದು ನಿನ್ನ ಕುತ್ತಿಗೆ ತಬ್ಬಿಕೊಳ್ಳುತ್ತಾಳೆ. ಅಳು ಬಿಟ್ಟು ನನ್ನ ಗುರುತು ಹಿಡಿಯುವ ಹೊತ್ತಿಗೆ ನಾನು ತಿರುಗಿ ಬಸ್ಸು ಹತ್ತಬೇಕು. ಇಲ್ಲಿ ಕಿವಿ, ಮುಷ್ಟಿ ಜೇಬಿನಲ್ಲಿವೆ. ಅವು ಅಳುವುದಿಲ್ಲ. ಇಷ್ಟು ದೊಡ್ಡ ಮಷಿನ್ ಓಡಿಸುವವನು ಎಳೆಕೂಸಿಗೆ ಹೆದರಿದ ಎಂದು ಯಾರಿಗೆ ಹೇಳಲಿ, ನಿನಗೇ ಹೇಳಬೇಕು.

ಬಟ್ಟೆಯ ನಿರಿಗೆಯ ಫೋಟೋ ಬಗ್ಗೆ ಬರೆದಿದ್ದೀ. ನಗಲಿಲ್ಲ. ಆಗಸ್ಟಿನ ಕಾಗದ ತೆಗೆದು "ನಿದ್ದೆ ಚೆನ್ನಾಗಿ ಬರುತ್ತಿದೆ" ಎಂಬ ಸಾಲನ್ನು ಮತ್ತೆ ಓದಿದೆ. ಪ್ರಜ್ಞಾ, ನೀನು ಯಾವಾಗ ಮಲಗುತ್ತೀ? ಕೂಸನ್ನು ತುಸು ಅವ್ವನ ಕೈಗೆ ಕೊಡು.

ಆ ಕ್ಯಾಮೆರಾ ಶಂಕ್ರೆಪ್ಪನವರಿಗೆ ಕೊಟ್ಟುಬಿಡು. ಬದಲಿಗೆ ನಿನ್ನ ಕೈಗೆ ಒಪ್ಪುವ ಸಣ್ಣದನ್ನು ತಗೋ. ಮುಂದಿನ ರಜೆ ಯಾವಾಗ ಎಂದು ಬರೆಯುವುದಿಲ್ಲ. ಬರೆದು ಇನ್ನೊಮ್ಮೆ ಸುಳ್ಳು ಮಾಡಲಾರೆ.

ಕಾಂತೇಶ


ಬೈಲಹೊಂಗಲ
೨೪ ನವೆಂಬರ್ ೨೦೨೪

ಕಾಂತೇಶ ಅವರಿಗೆ,

ಕ್ಯಾಮೆರಾ ಕೊಡಲಿಲ್ಲ. ಕೊಡಬೇಕೆಂದೇ ಹೊರಟಿದ್ದೆ. ಬಲತೋಳಿಗೆ ಗೌತಮಿ, ಎಡಭುಜಕ್ಕೆ ಆ ಭಾರದ ಚೀಲ. ಅತ್ತೆ ಹೊಸ್ತಿಲ ಹತ್ತಿರ ಬಿಸಿಲಿಗೆ ಕಾಲು ಚಾಚಿ ಕೂತಿದ್ದರು.

"ಎತ್ತ ಹೊಂಟಿ?"

"ಇದನ್ನ ಬದಲ ಮಾಡ್ಕೊಂಡ ಬರತೇನ್ರಿ ಅತ್ತಿ. ಇದರಾಗ ಕೂಸು ಕಾಣೂದಿಲ್ಲ. ದೂರ ನಿಂತರ ಅಷ್ಟ ಕಾಣತೈತಿ."

"ಹಂಗಾದ್ರ ದೂರ ನಿಂದರು."

"ಕೂಸು?"

"ಕೂಸಿಗೇನು ಓಡಿ ಹೋಗಾಕ ಕಾಲ ಬಂದಾವು? ತಾ ಇಲ್ಲಿ. ನಾಕು ಮಂದೀನ್ನ ಹಡದು ಜ್ವಾಪಾನ ಮಾಡೇನಿ. ನಿನ್ನ ಗಂಡನೂ ಅದರಾಗ ಒಬ್ಬಾಂವ, ಮರತೀದಿ."

ಕೊಟ್ಟೆ. ಸ್ನಾನಕ್ಕೆ, ಅಡುಗೆಗೆ ಎಂದು ಎಷ್ಟೋ ಸಲ ಕೊಟ್ಟಿದ್ದೇನೆ. ಆದರೆ ಅದು ಬಾಗಿಲ ಸಂದಿಯಿಂದ ನೋಡುತ್ತ, ಕಿವಿಯನ್ನು ಇಲ್ಲೇ ಬಿಟ್ಟು ಹೋಗುವುದು. ಬೆನ್ನು ಮಾಡಿ ನಡೆದದ್ದು ಇದೇ ಮೊದಲು. ಅಂಗಳದಿಂದ ಹಿಡಿದೆ, ಮಂಜು. ಓಣಿಗೆ ಇಳಿದೆ, ಇನ್ನೂ ಮಬ್ಬು. ಹೆಜ್ಜೆಗೊಮ್ಮೆ ತಿರುಗಿ ನೋಡುತ್ತಿದ್ದೆ. "ಹಿಂದ ಹಿಂದ ಏನ ನೋಡತೀ, ಎಡವೀದಿ!" ಎಂದು ಅತ್ತೆ ಗದರಿಸಿದರು. ಹಾಲಿನವರ ಗಾಡಿ ನಡುವೆ ಹಾದುಹೋಯಿತು. ಅದು ದಾಟುವವರೆಗೆ ತುದಿಗಾಲಲ್ಲಿ ನಿಂತು ಇಣುಕಿದೆ. ಕಡೆಗೆ ಶಟ್ಟೆವ್ವನ ಕಟ್ಟೆ ಹತ್ತಿ, ಕಂಬಕ್ಕೆ ಆತುಕೊಂಡು ಕಣ್ಣಿಟ್ಟೆ.

ಲೆನ್ಸು ಒಮ್ಮೆ ತಿರುಗಿ ನಿಂತಿತು. ಗೌತಮಿ ಬಂದಳು.

ಹೇಗೆ ಬರೆಯಲಿ. ಮಗಳನ್ನು ನೀವು ತುಂಡು ತುಂಡಾಗಿ ನೋಡುತ್ತಿದ್ದೀರಿ ಎಂದು ನಾನು ಮರುಗುತ್ತಿದ್ದೆ. ನಾನೂ ಅಷ್ಟೇ ನೋಡಿದ್ದೆ. ಹುಟ್ಟಿದಾಗಿನಿಂದ ಒಂದು ಗೇಣಿನ ಆಚೆ ನಿಂತು ಅವಳನ್ನು ಕಣ್ತುಂಬ ನೋಡಿಯೇ ಇರಲಿಲ್ಲ. ಇಡೀ ಕೂಸು, ಅಜ್ಜಿಯ ತೊಡೆಯ ಮೇಲೆ, ಬೆಳಕಿನಲ್ಲಿ. ಅಜ್ಜಿಯ ಬಳೆ ಹಿಡಿದು ಎಳೆಯುತ್ತಿದ್ದಳು. ಅಂಗಿಯ ಎದೆ ಮೇಲೇಳುತ್ತಿತ್ತು, ಇಳಿಯುತ್ತಿತ್ತು. ನಾನು ಹೋಲಿಸಿ ನೋಡದಿದ್ದರೂ ಅವಳು ಉಸಿರಾಡುತ್ತಿದ್ದಳು.

ರೂಢಿಯಂತೆ ಕಾಲಿನ ಕಡೆ ಲೆನ್ಸು ಇಳಿಸಿದೆ. ಅತ್ತೆ ಅಲ್ಲಿಂದಲೇ ಕೂಗಿದರು, "ಏನ ತಗೀತಿ? ಮತ್ತ ಹಿಮ್ಮಡೀನ?"

"ಮಾರಿ ತಗೀಬ್ಯಾಡ ಅಂದೀರಲ್ರಿ!"

"ಹತ್ತರ ಹಿಡೀಬ್ಯಾಡ ಅಂದಿದ್ದೆ. ಅಲ್ಲಿಂದ ನೋಡಿದ್ರ ಓಣ್ಯಾಗ ಹೋಗಾವ್ರು ನೋಡಿಧಂಗ. ಅದಕ್ಕೆಲ್ಲಿ ದೃಷ್ಟಿ!"

ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಶಟ್ಟೆವ್ವ ನನ್ನ ಮೊಣಕೈ ತಿವಿದರು. "ನಿಮ್ಮತ್ತಿ ಕಾಯ್ದೆ ಬದಲ ಮಾಡಿದ್ಲು. ಲಗೂನ ಒತ್ತ ತಂಗಿ, ಮತ್ತ ತಿರುಗ್ಯಾಳು!"

ಅತ್ತೆ ಸೆರಗಿನಿಂದ ಮಗುವಿನ ಜೊಲ್ಲು ಒರೆಸಿದರು. ಗಲ್ಲ ಹಿಡಿದು ನನ್ನ ಕಡೆ ತಿರುಗಿಸಿದರು. ಅವರ ತುಟಿ ಅಲ್ಲಾಡಿದ್ದು ಲೆನ್ಸಿನಲ್ಲಿ ಕಂಡಿತು. ಅವಳ ಕಿವಿಯಲ್ಲಿ ಏನು ಹೇಳಿದರೋ ಓಣಿಯ ಈಚೆಗೆ ಕೇಳಿಸಲಿಲ್ಲ. ಆಮೇಲೆ ಕೇಳಿದರೆ, "ಅಜ್ಜಿ ಮೊಮ್ಮಗಳ ಮಾತು, ನಿನಗ್ಯಾಕ" ಅಂದರು. ಆದರೆ ಅವಳ ಕಿವಿಯಲ್ಲಿ ಹೇಳುವಾಗ ಅವರ ಕಣ್ಣು ನನ್ನ ಮೇಲಿರಲಿಲ್ಲ. ಲೆನ್ಸಿನ ನಟ್ಟನಡುವೆ ಇತ್ತು. ಅಲ್ಲಿ ಅವರಿಗೆ ಯಾರು ಕಾಣುತ್ತಿದ್ದರು ಎಂದು ನಿಮಗೆ ಹೇಳಬೇಕಾಗಿಲ್ಲ. ಗೌತಮಿಯೂ ಅಲ್ಲಿಗೇ ನೋಡಿದಳು. ಒತ್ತಿದೆ. ಟಕ್ ಎಂದು ಎಷ್ಟು ದೊಡ್ಡ ಸದ್ದಾಯಿತೆಂದರೆ ಶಟ್ಟೆವ್ವನ ಬುಟ್ಟಿಯಲ್ಲಿದ್ದ ಬೆಕ್ಕು ಹಾರಿ ಹೋಯಿತು. ಓಣಿಯ ಆಚೆ ಅವಳು ರೆಪ್ಪೆ ಕೂಡ ಬಡಿಯಲಿಲ್ಲ.

ಒಡನೆ ಓಡಿಬರಬೇಕಿತ್ತು ನಾನು. ಬರಲಿಲ್ಲ. ಕಂಬಕ್ಕೆ ತಲೆ ಆನಿಸಿ ಕೂತೆ. ಆ ಬಿಸಿಲು, ಅವರೆಕಾಯಿ ಬಿಡಿಸುವ ಸದ್ದು. ಅಲ್ಲೇ ನಿದ್ದೆ ಹೋದೆ. ಎದ್ದಾಗ ಕಟ್ಟೆಯ ಮೇಲಿನ ಬಿಸಿಲು ಸರಿದು ಹೋಗಿತ್ತು, ನನ್ನ ಮೈಮೇಲೆ ಶಟ್ಟೆವ್ವನ ಕೌದಿ ಇತ್ತು. ದಡಬಡಿಸಿ ಎದ್ದು ನೋಡಿದರೆ ಅಜ್ಜಿ ಮೊಮ್ಮಗಳಿಬ್ಬರೂ ಹೊಸ್ತಿಲಲ್ಲೇ ತೂಕಡಿಸುತ್ತಿದ್ದರು. ಯಾರಿಗೂ ಏನೂ ಆಗಿರಲಿಲ್ಲ. ನಾನು ಕಾವಲಿಲ್ಲದಾಗಲೂ ಏನೂ ಆಗುವುದಿಲ್ಲ ಎಂದು ನಂಬಲು ಇನ್ನೂ ಕೆಲವು ದಿನ ಬೇಕು. ಆದರೆ ಮರುದಿನವೂ ಕೊಟ್ಟೆ, ಅದರ ಮರುದಿನವೂ.

ನಿದ್ದೆಯ ಬಗ್ಗೆ ಆಗಸ್ಟಿನಲ್ಲಿ ಬರೆದದ್ದು ಸುಳ್ಳು. ಅಷ್ಟು ದೂರದಲ್ಲಿರುವ ನಿಮ್ಮ ನಿದ್ದೆಯನ್ನೂ ಏಕೆ ಕೆಡಿಸಲಿ ಎಂದು ಬರೆದಿದ್ದೆ. ಇನ್ನು ಅಂಥ ಸುಳ್ಳು ಬರೆಯುವುದಿಲ್ಲ.

ನಾನು ತೆಗೆಯುವ ರೀತಿಗೆ ಒಪ್ಪುವುದು ಸಣ್ಣ ಕ್ಯಾಮೆರಾವೇ. ಈಗಲೂ ಅದೇ ಮಾತು ಹೇಳುತ್ತೇನೆ, ನಿಮ್ಮ ಆಯ್ಕೆ ತಪ್ಪೇ. ಆದರೂ ಇದನ್ನು ಕೊಡುವುದಿಲ್ಲ.

ಫೋಟೋ ಜೊತೆಗಿಟ್ಟಿದ್ದೇನೆ. ಅದು ವಾಲಿಲ್ಲ, ಬೆರಳೂ ಬಂದಿಲ್ಲ.

ಅವಳು ಅಳುತ್ತಾಳೆ ಎಂದು ಹೆದರಿದ್ದೀರಿ. ಅಳುತ್ತಾಳೆ. ಗೌರೀಶರನ್ನು ನೋಡಿ ಅತ್ತಳು, ಆಮೇಲೊಮ್ಮೆ ಬಂದುಹೋದ ಅರ್ಜುನಣ್ಣನ ಮೀಸೆ ನೋಡಿ ಮನೆಯೇ ಹಾರಿಹೋಗುವಂತೆ ಚೀರಿದಳು. ಅಳಲಿ, ಸಮಾಧಾನ ಮಾಡಲು ಅಜ್ಜಿ ಇದ್ದಾರೆ. ದಿನಾಂಕ ಬರೆಯಬೇಡಿ. ಯಾರ ಕೈಯಲ್ಲೂ ಏನೂ ಕಳಿಸಬೇಡಿ. ಸುಮ್ಮನೆ ಬನ್ನಿ. ನೀವು ಓಣಿಗೆ ತಿರುಗುವಾಗ ಮಗು ಅತ್ತೆಯ ತೊಡೆಯ ಮೇಲಿರುತ್ತದೆ. ನನ್ನ ಎರಡೂ ಕೈ ಖಾಲಿ ಇರುತ್ತವೆ.

ನಿಮ್ಮ
ಪ್ರಜ್ಞಾ